ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು

ಸಕಲೇಶಪುರ, ಆಲೂರು ಭಾಗದ ಬೆಳೆಗಾರರ ಮಕ್ಕಳು ವಿದೇಶದಿಂದ ಊರಿಗೆ ಬರಬೇಕಾದರೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇಳಿಯಬೇಕು. ದೆಹಲಿ, ಮುಂಬೈವರೆಗೆ ಏರ್ ಇಂಡಿಯಾದಲ್ಲಿ ಬಂದವರು ಅಲ್ಲಿಂದ ಮುಂದಕ್ಕೆ ಅದರ ಅಗ್ಗದ ದರದ ಅಂಗಸಂಸ್ಥೆಯಾದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಏರಬೇಕಾಗಬಹುದು. ಟಿಕೆಟ್ ಮಾತ್ರ ಮಾತೃಸಂಸ್ಥೆಯ ಹೆಸರಿನದು.

ಅಗ್ಗದ ವಿಮಾನ ಅಪರಾಧವೇನಲ್ಲ. ಇದೇ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯರನ್ನೂ ವಿಮಾನ ಹತ್ತಿಸಿದರು. ದರ ಕಡಿಮೆ, ಊಟತಿಂಡಿಗೆ ಬೇರೆ ಹಣ ಎಂಬುದು ಅದರ ಪ್ರಯಾಣಿಕನಿಗೆ ಮೊದಲೇ ತಿಳಿದಿತ್ತು. ಆ ಸಂಸ್ಥೆ ಕಿಂಗ್‌ಫಿಷರ್ ತೆಕ್ಕೆಗೆ ಸೇರಿ 2008ರಲ್ಲಿ ‘ಕಿಂಗ್‌ಫಿಷರ್ ರೆಡ್’ ಆದಾಗ ಈ ಗೆರೆ ಮಸುಕಾಯಿತು.

ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದಂತೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನು ಕಳೆದರೆ ಟಿಕೆಟ್ ಮಾರಿದವರೂ ವಿಮಾನ ಹಾರಿಸಿದವರೂ ಹೊಣೆ. ಆದರೆ ಆಸನ, ಊಟಗಳ ವ್ಯತ್ಯಾಸಕ್ಕೆ ಅದರಲ್ಲಿ ಉತ್ತರವಿಲ್ಲ. ವಿಮಾನ ಹಾರಿಸುವವರ ಹೆಸರನ್ನು ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ನಮೂದಿಸಿ ಕೈತೊಳೆದುಕೊಳ್ಳುವುದು ಸಲ್ಲದು. ಆ ಹೆಸರು, ದೊರೆಯದ ಸೌಲಭ್ಯಗಳ ವಿವರದೊಡನೆ, ಹಣ ಪಾವತಿಗೆ ಮುನ್ನವೇ ದರದ ಪಕ್ಕದಲ್ಲಿ ಕಾಣುವಂತೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಆದೇಶಿಸಬೇಕು.