ಅಜ್ಜನ ಪ್ಲೇಟಿಗೆ ಒಳ್ಳೆ ಮುಳ್ಳು ಹಾಕಿ

ಅಜ್ಜ ಕೂಡಿಟ್ಟ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಪ್ಲೇಟುಗಳನ್ನು ಕೇಳಲೆಂದು ಅಗ್ಗದ ಸೂಟ್‌ಕೇಸ್ ಪ್ಲೇಯರ್ ತಂದೆ. ಮೊದಮೊದಲು ಚೆನ್ನಾಗಿಯೇ ಬಂತು. ಕೊನೆಯ ತಾನುಗಳು ಮಾತ್ರ ಗರಗರ. ‘ಪ್ಲೇಟು ಹಳೇದು, ಹೋಗಿದೆ’ ಎಂದ ಅಂಗಡಿಯವ.

ತಪ್ಪು ಪ್ಲೇಟಿನದಲ್ಲ, ಮುಳ್ಳಿನದು. ಪ್ಲೇಟು ತಿರುಗುವ ವೇಗ ಒಂದೇ ಆದರೂ ಒಳಗಿನ ಸುತ್ತು ಚಿಕ್ಕದು. ಅಲ್ಲಿ ಗೆರೆಯೊಳಗೆ ದನಿ ಇಕ್ಕಟ್ಟಾಗಿ ಕೂತಿರುತ್ತದೆ. ದುಂಡು ತುದಿಯ ಮುಳ್ಳು ಅಲ್ಲೇ ತಡವರಿಸುತ್ತದೆ. ಖಯಾಲ್‌ನಲ್ಲಿ ವೇಗದ ತಾನುಗಳು ಬರುವುದೂ ಕೊನೆಗೇ!

ಹಾಗಾಗಿ ಪೆಟ್ಟಿಗೆಯ ಅಂದಕ್ಕಲ್ಲ, ಮುಳ್ಳಿಗೆ ದುಡ್ಡು ಹಾಕಿ. ಮುಳ್ಳನ್ನು ಹಿಡಿದಿರುವ ಪುಟ್ಟ ಭಾಗವೇ ಕಾರ್ಟ್ರಿಜ್. ಅದನ್ನು ಬದಲಿಸಲು ಬರುವ ಟರ್ನ್‌ಟೇಬಲನ್ನೇ ಕೊಳ್ಳಿ. ಆಡಿಯೋ-ಟೆಕ್ನಿಕಾದ ಎಟಿ-ವಿಎಂ95ಇ ನಮ್ಮಂಥವರಿಗೆ ಸಾಕು. ಅದರ ತುದಿ ಅಂಡಾಕಾರ. 2 ಗ್ರಾಂ ಭಾರದಲ್ಲಿ ಓಡುತ್ತದೆ. ಮುಂದೆ ಕೈಯಲ್ಲಿ ಕಾಸು ಆಡಿದರೆ ಅದೇ ಕಾರ್ಟ್ರಿಜ್‌ಗೆ ಇನ್ನೂ ಸೂಕ್ಷ್ಮವಾದ ‘ಎಂಎಲ್’ ಮುಳ್ಳು ಸಿಕ್ಕಿಸಬಹುದು. 78ರ ಪ್ಲೇಟಿಗೆ ಮಾತ್ರ ಇವನ್ನು ಇಡಬೇಡಿ. ಅದರ ಗೆರೆ ಅಗಲ, ಬೇರೆಯೇ ಮುಳ್ಳು ಬೇಕು.

ಸವೆದ ಮುಳ್ಳು ಗೆರೆಯನ್ನೇ ಕೆರೆದು ಹಾಕುತ್ತದೆ. ಮುಳ್ಳು ಮತ್ತೆ ಸಿಗುತ್ತದೆ. ಅಜ್ಜನ ಪ್ಲೇಟು ಸಿಗುವುದಿಲ್ಲ.