ವೀಲ್‌ಚೇರ್ ರೇಸ್‌ನಲ್ಲಿ ನಾವ್ಯಾಕೆ ಎಲ್ಲೂ ಇಲ್ಲ?

ಪ್ಯಾರಿಸ್ 2024ರಲ್ಲಿ ಭಾರತಕ್ಕೆ 29 ಪ್ಯಾರಾಲಿಂಪಿಕ್ ಪದಕ, ಅದರಲ್ಲಿ 17 ಅಥ್ಲೆಟಿಕ್ಸ್‌ನವು. ನಾವೆಲ್ಲ ಖುಷಿಯಿಂದ ಸ್ಟೇಟಸ್ ಹಾಕಿದ್ವಿ. ಪಟ್ಟಿಯನ್ನ ಇನ್ನೊಂದು ಸಲ ನೋಡಿ, ವೀಲ್‌ಚೇರ್ ರೇಸಿಂಗ್‌ನಲ್ಲಿ ಒಂದೂ ಇಲ್ಲ.

ಹಾಗಂತ ನಮ್ಮಲ್ಲಿ ಯಾರೂ ಇರಲಿಲ್ಲ ಅಂತಲ್ಲ. ಮಾಲತಿ ಹೊಳ್ಳ 1988ರಲ್ಲೇ ಸಿಯೋಲ್‌ಗೆ ಹೋಗಿದ್ದರು. ಕೂಸಾಗಿದ್ದಾಗಲೇ ಪೋಲಿಯೊ, ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರದಲ್ಲಿ ವರ್ಷಗಟ್ಟಲೆ ಬಾಲ್ಯ, ಒಂದರ ಹಿಂದೆ ಒಂದು ಸರ್ಜರಿ. 1989ರಲ್ಲಿ ಡೆನ್ಮಾರ್ಕ್‌ನ ವರ್ಲ್ಡ್ ಮಾಸ್ಟರ್ಸ್‌ನಲ್ಲಿ 200 ಮೀಟರ್ ಜೊತೆಗೆ ಶಾಟ್‌ಪುಟ್, ಡಿಸ್ಕಸ್, ಜಾವೆಲಿನ್‌ನಲ್ಲೂ ಚಿನ್ನ. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. ಪ್ಯಾರಾಲಿಂಪಿಕ್ ಪದಕ ಮಾತ್ರ ಬರಲಿಲ್ಲ. ಅವರೊಬ್ಬರದ್ದೇ ಸೋಲು ಅನ್ನಬೇಡಿ, 1988ರಿಂದ 2000ದವರೆಗಿನ ನಾಲ್ಕು ಕೂಟಗಳಲ್ಲಿ ಇಡೀ ದೇಶದ ಖಾತೆಯೇ ಸೊನ್ನೆ. ಜೀವನಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆಲಸ ಇತ್ತು. ಆಮೇಲೆ ಅಂಗವಿಕಲ ಮಕ್ಕಳಿಗಾಗಿ ಮಾತೃ ಫೌಂಡೇಶನ್ ಕಟ್ಟಿದರು.

ಕೂತು ಎಸೆಯೋ ಆಟಗಳಲ್ಲಿ ಈಗ ನಮಗೆ ಪದಕ ಬರ್ತಿವೆ. ಪ್ಯಾರಿಸ್‌ನಲ್ಲಿ ಧರಂಬೀರ್, ಪ್ರಣವ್ ಸೂರ್ಮಾ ಕ್ಲಬ್ ಥ್ರೋದಲ್ಲಿ ಗೆದ್ದರು. ಓಡೋದರಲ್ಲಿ ಯಾಕಿಲ್ಲ? ಇಂಜಿನಿಯರಿಂಗ್ ಓದಿದವನ ಚಟ, ನಾನು ಮೊದಲು ಯಂತ್ರ ನೋಡ್ತೀನಿ. ಎಸೆತಕ್ಕೆ ನೆಲಕ್ಕೆ ಬಿಗಿದ ಸ್ಟೂಲು ಸಾಕು, ವೆಲ್ಡಿಂಗ್ ಶಾಪ್‌ನವನೂ ಮಾಡಿಕೊಡ್ತಾನೆ. ರೇಸಿಂಗ್ ಚೇರ್ ಹಾಗಲ್ಲ. ಮೂರು ಗಾಲಿ, ಉದ್ದನೆ ಮೂತಿ, ಆಟಗಾರನ ಮೈ ಅಳತೆಗೇ ಮಾಡಿಸಬೇಕು. ಬೆಲೆ ಲಕ್ಷಗಳಲ್ಲಿ. ಸ್ವಿಟ್ಜರ್ಲೆಂಡ್‌ನ ಮಾರ್ಸೆಲ್ ಹುಗ್ ತೋಳಿನ ಜೊತೆ ಆ ಚೇರ್ ಕೂಡ ಓಡುತ್ತೆ. ಮೇಲಾಗಿ ದಿನಾ ತಳ್ಳೋಕೆ ಗುಂಡಿಯಿಲ್ಲದ ರಸ್ತೆ ಬೇಕು.

ಈಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹುಡುಗಿಯೊಬ್ಬಳನ್ನ ಊಹಿಸಿಕೊಳ್ಳಿ. ಪಾವಗಡದಿಂದ ತುಮಕೂರಿಗೇ ಸುಮಾರು ನೂರು ಕಿಲೋಮೀಟರ್. ಬಸ್ ಮೆಟ್ಟಿಲು ಹತ್ತಿಸೋರ್ಯಾರು? ಈ ಭಾಗದ ಒಂದು ಕಚೇರಿಗೆ ಹೋದಾಗ ರ್‍ಯಾಂಪ್ ಕಂಡು ಖುಷಿಪಟ್ಟೆ. ಅದರ ಮೇಲೆ ಮೂರು ಬೈಕ್ ನಿಂತಿದ್ವು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕ್ರೀಡೆಗೇ ಪ್ರತ್ಯೇಕ ಸೆಕ್ಷನ್ ಇದೆ, 30ನೆಯದು. ಪ್ರವೇಶಸೌಲಭ್ಯದ ನಿಯಮಗಳು ಬರೀ ಶಿಫಾರಸಾಗಿರಬಾರದು, ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಸ್ಥಳೀಯ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಶೇ 5ರ ಅನುದಾನವೂ ಇದೆ. ನಾಲ್ಕೂ ತಾಲ್ಲೂಕು ಆ ದುಡ್ಡಲ್ಲಿ ಸ್ವಲ್ಪ ಒಟ್ಟುಗೂಡಿಸಿದರೆ ಒಂದು ರೇಸಿಂಗ್ ಚೇರ್ ಬರುತ್ತೆ. ಮುಂದಿನ ಗ್ರಾಮಸಭೆಯಲ್ಲಿ ಆ ಶೇ 5ರ ಲೆಕ್ಕ ಕೇಳಿ.