ಹೆಸರು ಬಂದ ಮೇಲೆ

ಆಟಗಾರರಿಗೆ ಪ್ರಚಾರ ಏಕೆ, ಆಟವೇ ಮಾತಾಡಲಿ ಎನ್ನುವವರು ನಮ್ಮಲ್ಲಿ ಬಹಳ. ಕೇಳಲು ಚೆನ್ನಾಗಿರುವ ಈ ಮಾತನ್ನು ನಾನು ಒಪ್ಪಲಾರೆ.

ಜರ್ಮನಿಯ ಡೈವಿಂಗ್ ಪಟು ಪ್ಯಾಟ್ರಿಕ್ ಹೌಸ್ಡಿಂಗ್ ಅವರನ್ನು ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸಾಶಾ ಕ್ಲೈನ್ ಜೊತೆಗೂಡಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊದಲ್ಲಿ ಕಂಚು. ಹತ್ತು ಮೀಟರ್ ಎತ್ತರದಿಂದ ಹಾರಿದವರು ನೀರು ಮುಟ್ಟಲು ಎರಡು ಸೆಕೆಂಡೂ ಹಿಡಿಯುವುದಿಲ್ಲ. ಆ ಗಳಿಗೆಗಾಗಿ ವರ್ಷಗಟ್ಟಲೆ ದಿನವೂ ಏಣಿ ಹತ್ತಬೇಕು. ಫುಟ್‌ಬಾಲ್ ಹುಚ್ಚಿನ ಆ ದೇಶದಲ್ಲಿ ಇಂಥ ಆಟದತ್ತ ಜನ ಕಣ್ಣು ಹಾಯಿಸುವುದೇ ಅಪರೂಪ. ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಜರ್ಮನಿಯ ಧ್ವಜ ಹಿಡಿದ ಇಬ್ಬರಲ್ಲಿ ಹೌಸ್ಡಿಂಗ್ ಒಬ್ಬರು. ಅಂದು ಅವರೊಂದಿಗೆ ಅವರ ಆಟವೂ ಜನರ ಕಣ್ಣಿಗೆ ಬಿತ್ತು. ಸಣ್ಣ ಆಟಗಳಿಗೆ ಪ್ರಚಾರ ಆಡಂಬರವಲ್ಲ, ಅನ್ನ.

ಇದಕ್ಕೆ ನಮ್ಮ ಮಗ್ಗುಲಲ್ಲೇ ಸಾಕ್ಷಿಯಿದೆ. ಹುಣಸೂರಿನಿಂದ ಆನೆಚೌಕೂರು ಕಾಡು ದಾಟಿ ತಿತಿಮತಿಗೆ ಬಂದು, ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕೊಡಗಿನ ಗೋಣಿಕೊಪ್ಪ. ಅಲ್ಲಿ ಅಶ್ವಿನಿ ನಾಚಪ್ಪ ಪತಿ ದತ್ತ ಕರುಂಬಯ್ಯ ಅವರೊಂದಿಗೆ ಕಟ್ಟಿದ ಶಾಲೆಯಿದೆ. ಓದಿಗೂ ಆಟಕ್ಕೂ ಸಮಪಾಲು ಕೊಡುವ ಶಾಲೆ ಅದು. ಎಂಬತ್ತರ ದಶಕದಲ್ಲಿ ಪಿ.ಟಿ. ಉಷಾರನ್ನೇ ಹಿಂದಿಕ್ಕಿದ ಓಟಗಾರ್ತಿ ಅಶ್ವಿನಿ. 1988ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಪತ್ರಿಕೆಗಳು ಮಾತ್ರ ಅವರ ಓಟಕ್ಕಿಂತ ಉಡುಗೆ, ರೂಪದ ಬಗ್ಗೆಯೇ ಹೆಚ್ಚು ಬರೆದವು. ಅಮೆರಿಕದ ಖ್ಯಾತ ಓಟಗಾರ್ತಿಗೆ ಹೋಲಿಸಿ ‘ಭಾರತದ ಫ್ಲೋ-ಜೋ’ ಎಂದು ಕರೆದವು. 1991ರಲ್ಲಿ ಅವರ ಹೆಸರಿನದೇ ತೆಲುಗು ಚಿತ್ರ ಬಂತು, ಅದರಲ್ಲಿ ನಟಿಸಿದವರೂ ಅವರೇ. ಓಟಗಾರ್ತಿಗೆ ಸಿನಿಮಾ ಏಕೆ ಎಂದು ಮೂಗು ಮುರಿಯುವುದು ಸುಲಭ. ಆದರೆ ಅದೇ ಹೆಸರು ಮುಂದೆ ಶಾಲೆಯ ಬೆನ್ನಿಗೆ ನಿಂತಿತು. ಕ್ರೀಡಾ ಸಂಸ್ಥೆಗಳಲ್ಲಿ ಆಟಗಾರರದೇ ದನಿ ಇರಬೇಕೆಂದು ಅವರು ವಾದಿಸಿದಾಗ ದೇಶ ಕಿವಿಗೊಟ್ಟಿತು. ಹೆಸರಿಲ್ಲದವರು ಅದೇ ಮಾತು ಆಡಿದ್ದರೆ ಯಾರು ಕೇಳುತ್ತಿದ್ದರು?

ಪ್ರಚಾರ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ, ನಿಜ. ಚೆಲುವಿಗೆ, ಇಂಗ್ಲಿಷ್ ಮಾತಿಗೆ, ನಗರದ ನಂಟಿಗೆ ಅದು ಬೇಗ ಒಲಿಯುತ್ತದೆ. ಕೊಡಗಿನ ಎಷ್ಟೋ ಹಾಕಿ ಆಟಗಾರರ ಹೆಸರು ಜಿಲ್ಲೆಯ ಗಡಿಯನ್ನೂ ದಾಟಿಲ್ಲ. ಇದು ಅನ್ಯಾಯವೇ. ಆದರೆ ಸಿಕ್ಕವರು ಮುಖ ಮರೆಸಿಕೊಂಡರೆ ಸಿಗದವರಿಗೆ ಏನು ಲಾಭ? ಸಿಕ್ಕದ್ದನ್ನು ಯಾವುದಕ್ಕೆ ಖರ್ಚು ಮಾಡಿದರು ಎಂಬುದನ್ನೇ ನಾವು ಕೇಳಬೇಕು. ನಲವತ್ತಮೂರನೇ ವಯಸ್ಸಿನಲ್ಲಿ, 2024ರಲ್ಲಿ, ಡಬಲ್ಸ್‌ನಲ್ಲಿ ಜಗತ್ತಿನ ಅಗ್ರಸ್ಥಾನಕ್ಕೇರಿದ ರೋಹನ್ ಬೋಪಣ್ಣ ಟೆನಿಸ್ ಅಕಾಡೆಮಿ ನಡೆಸುತ್ತಾರೆ. ಅವರ ಹೆಸರಿಗೂ ಇದೇ ಅಳತೆಗೋಲು.

ನಮ್ಮ ಪಾಲಿನ ತಪ್ಪೂ ಇದೆ. ಶಾಲೆಯ ಕ್ರೀಡಾದಿನಕ್ಕೆ ಹೆಸರಾಂತ ಆಟಗಾರರನ್ನು ಕರೆಸುತ್ತೇವೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ. ಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತಿರುತ್ತಾರೆ. ಓಟ ಶುರುವಾಗುವ ಹೊತ್ತಿಗೆ ಅತಿಥಿಗಳ ಕಾರು ಹೊರಟಿರುತ್ತದೆ. ತಿತಿಮತಿಯಂಥ ಊರಿನ ಹಾಡಿಯ ಹುಡುಗಿಗೆ ಆ ಶಾಲಿನಿಂದ ಏನೂ ದಕ್ಕುವುದಿಲ್ಲ. ಮುಂದಿನ ಬಾರಿ ಕರೆಸುವವರು ಭಾಷಣವನ್ನು ಕೈಬಿಟ್ಟು, ಆ ಆಟಗಾರರ ಒಂದು ಗಂಟೆಯನ್ನು ಮೈದಾನಕ್ಕೆ ಕೇಳಿಕೊಳ್ಳಲಿ.